ದೊಡ್ಡವರಿಗೆ ಯಾವ ಅಳತೆಯ ಚೆಲ್ಲೋ? ಕುರ್ಚಿ ಮೇಲೆ ಕೂತು ನೋಡಿ

ಚೆಲ್ಲೋ, ಅಂದರೆ ಕುರ್ಚಿ ಮೇಲೆ ಕೂತು ಮಂಡಿಗಳ ನಡುವೆ ಇಟ್ಟು ನುಡಿಸುವ ದೊಡ್ಡ ಪಿಟೀಲಿನಂಥ ವಾದ್ಯ, ಕಲಿಯಬೇಕು ಅಂತ ಅಂಗಡಿಗೆ ಹೋದ ದೊಡ್ಡವರಿಗೆ ಸಾಮಾನ್ಯವಾಗಿ ಸಿಗುವ ಉತ್ತರ ಒಂದೇ: ಐದಡಿ ದಾಟಿದ್ದರೆ ಫುಲ್ ಸೈಜ್ ತಗೊಳ್ಳಿ. ಬಹಳ ಜನಕ್ಕೆ ಅದು ಸರಿಹೋಗುತ್ತದೆ. ನನಗೆ ಹೋಗಲಿಲ್ಲ. ನಾನು ಐದಡಿ ಎರಡಿಂಚು, ಬೆರಳುಗಳು ಗಿಡ್ಡ. ಒಂದೂವರೆ ವರ್ಷ ಎಡಗೈ ಹೆಬ್ಬೆರಳಿನ ಬುಡ ನೋಯುತ್ತಲೇ ಇತ್ತು, ಅಭ್ಯಾಸ ಸಾಲದು ಅಂತ ಇನ್ನೂ ಜಾಸ್ತಿ ನುಡಿಸುತ್ತಿದ್ದೆ. ಫುಲ್ ಸೈಜ್‌ಗಿಂತ ಒಂದು ಮೆಟ್ಟಿಲು ಚಿಕ್ಕದಾದ 7/8 ಅಳತೆಗೆ ಬದಲಾಯಿಸಿದ ಮೇಲೆ ನೋವು ಹೋಯಿತು. ಎತ್ತರ ನೋಡಿ ಚೆಲ್ಲೋ ಕೊಳ್ಳಬೇಡಿ, ಕೈ ನೋಡಿ ಕೊಳ್ಳಿ.

ಅಂಗಡಿಗೆ ಹೋಗುವಾಗ ಒಂದು ಟೇಪು ಇಟ್ಟುಕೊಂಡಿರಿ. ಫುಲ್ ಸೈಜ್‌ನಲ್ಲಿ ಕತ್ತು ಬಿಟ್ಟು ಒಡಲಿನ ಉದ್ದ ಸುಮಾರು 75-76 ಸೆಂ.ಮೀ. ಬಿರಡೆಗಳ ಕೆಳಗೆ ತಂತಿ ಕೂರುವ ಸಣ್ಣ ಪಟ್ಟಿಯಿಂದ ಕುದುರೆಯವರೆಗೆ (ಒಡಲಿನ ಮೇಲೆ ತಂತಿಗಳನ್ನು ಎತ್ತಿ ಹಿಡಿಯುವ ಮರದ ತುಂಡು) ತಂತಿ ಸುಮಾರು 69 ಸೆಂ.ಮೀ. 7/8ರಲ್ಲಿ ಒಡಲು 72ರ ಆಸುಪಾಸು, ತಂತಿ 65-66. 3/4ರಲ್ಲಿ ಒಡಲು 69, ತಂತಿ 62ರ ಹತ್ತಿರ. ಹೆಸರಿನ ಭಿನ್ನರಾಶಿಗೂ ಉದ್ದಕ್ಕೂ ಲೆಕ್ಕ ಕೂಡುವುದಿಲ್ಲ, ಮಾಡುವವರಿಂದ ಮಾಡುವವರಿಗೂ ಅಳತೆ ಬದಲಾಗುತ್ತದೆ. ಅದಕ್ಕೇ ಚೀಟಿ ನಂಬದೆ ನೀವೇ ಅಳೆಯಿರಿ.

ಚಿಕ್ಕದು ತಗೊಂಡರೆ ಮಕ್ಕಳ ವಾದ್ಯ ಅಂತಾರೇನೋ ಅನ್ನುವ ಮುಜುಗರ ಬೇಡ. ಇಟಲಿಯ ಕ್ರೆಮೋನಾದ ಹೆಸರಾಂತ ವಾದ್ಯ ತಯಾರಕ ಸ್ಟ್ರಾಡಿವಾರಿ ಮೊದಮೊದಲು ಮಾಡಿದ ಚೆಲ್ಲೋಗಳ ಒಡಲೇ 79 ಸೆಂ.ಮೀ. ಹತ್ತಿರ ಇತ್ತು. 1707ರ ಸುಮಾರಿಗೆ ಅವರೇ ಅದನ್ನು ಇಳಿಸಿದರು, ಇವತ್ತಿನ ಫುಲ್ ಸೈಜ್ ಬಂದಿದ್ದು ಹಾಗೆ. ಆ ಕಾಲದ ಎಷ್ಟೋ ದೊಡ್ಡ ಚೆಲ್ಲೋಗಳನ್ನು ಆಮೇಲಿನವರು ಕತ್ತರಿಸಿ ಚಿಕ್ಕದು ಮಾಡಿದ್ದಾರೆ. ನಮ್ಮಲ್ಲೇ ನೋಡಿ, ಹಿಂದೂಸ್ತಾನಿ ಸಂಗೀತ ನುಡಿಸುವ ಸಾಸ್ಕಿಯಾ ರಾವ್-ದ ಹಾಸ್ ನೆಲದ ಮೇಲೆ ಕೂತು ನುಡಿಸಲು ಆಗುವಂಥ ಚಿಕ್ಕ ಚೆಲ್ಲೋ ಮಾಡಿಸಿಕೊಂಡರು.

ಈಗ ಕೂರಿ. ಕೈ ಇಲ್ಲದ, ಸೀಟು ಗಟ್ಟಿಯಿರುವ ಕುರ್ಚಿ ಬೇಕು. ಅದರ ಮುಂದಿನ ಅರ್ಧದಲ್ಲಿ ಕೂತು ಪಾದ ಪೂರ್ತಿ ನೆಲಕ್ಕೆ ಊರಿ, ಎಂಡ್‌ಪಿನ್ (ಚೆಲ್ಲೋದ ಬುಡದಲ್ಲಿ ನೆಲಕ್ಕೆ ಊರುವ ಕಡ್ಡಿ) ಎಳೆದು ಚೆಲ್ಲೋವನ್ನು ಮೈಗೆ ಒರಗಿಸಿ. ಒಡಲಿನ ಮೇಲಂಚು ಎದೆಮೂಳೆಗೆ ತಾಗಬೇಕು, ಕೆಳಭಾಗ ಎರಡು ಮಂಡಿಗಳ ನಡುವೆ ಸಡಿಲವಾಗಿ ನಿಲ್ಲಬೇಕು, ದಪ್ಪ ತಂತಿಯ ಬಿರಡೆ ಎಡಗಿವಿಯ ಹಿಂದೆ ಬರಬೇಕು. ಬಿರಡೆ ತಲೆಗೆ ತಾಗಿದರೆ ತಕ್ಷಣ ಅಳತೆಯನ್ನು ದೂರಬೇಡಿ, ಎಂಡ್‌ಪಿನ್ ಮೇಲೆ ಕೆಳಗೆ ಮಾಡಿ ನೋಡಿ. ಆರಡಿಯವರಿಗೆ ಫುಲ್ ಸೈಜ್ ಸಾಕು, ಎಂಡ್‌ಪಿನ್ ಉದ್ದ ಎಳೆದು ಎತ್ತರದ ಕುರ್ಚಿ ಹಾಕಿಕೊಂಡರಾಯಿತು.

ನಿಜವಾದ ಪರೀಕ್ಷೆ ಎಡಗೈಗೆ, ಅದೂ ದಪ್ಪ ಸಿ ತಂತಿಯ ಮೇಲೆ. ಹೊಸಬರಾದರೆ ಬೆರಳು ಇಡಲು ಗೊತ್ತಿರುವವರನ್ನು ಜೊತೆಗೆ ಕರೆದುಕೊಂಡು ಹೋಗಿ. ಖಾಲಿ ತಂತಿ ಷಡ್ಜ ಅಂದುಕೊಳ್ಳಿ. ತೋರುಬೆರಳನ್ನು ಚತುಶ್ರುತಿ ರಿಷಭದ ಮೇಲೆ, ಕಿರುಬೆರಳನ್ನು ಶುದ್ಧ ಮಧ್ಯಮದ ಮೇಲೆ ಇಡಿ. ಇದು ಬಹಳ ಜನಕ್ಕೆ ಸಲೀಸು. ಆಮೇಲೆ ತೋರುಬೆರಳು ಅಲ್ಲೇ ಇರಲಿ, ಕಿರುಬೆರಳನ್ನು ಇನ್ನೊಂದು ಅರ್ಧ ಸ್ವರ ಮುಂದಕ್ಕೆ, ಪ್ರತಿ ಮಧ್ಯಮಕ್ಕೆ ಚಾಚಿ. ಫುಲ್ ಸೈಜ್‌ನಲ್ಲಿ ಈ ಅಂತರ ಸುಮಾರು 12.7 ಸೆಂ.ಮೀ., 7/8ರಲ್ಲಿ 12. ವ್ಯತ್ಯಾಸ ಆರೇಳು ಮಿಲಿಮೀಟರ್ ಅಷ್ಟೇ ಅಲ್ವಾ ಅನ್ನಿಸಬಹುದು, ಆದರೆ ನನ್ನ ಕಿರುಬೆರಳು ಗೆಣ್ಣಿನಲ್ಲಿ ಒಳಕ್ಕೆ ಮಡಚಿಕೊಳ್ಳುತ್ತಿದ್ದದ್ದು ಆ ಆರೇಳು ಮಿಲಿಮೀಟರಿಗೇ. ಹಾಗೇ ಅರ್ಧ ನಿಮಿಷ ಹಿಡಿದು ಒಂದು ಕ್ಷಣ ಹೆಬ್ಬೆರಳನ್ನು ಕತ್ತಿನಿಂದ ಎತ್ತಿ. ಉಳಿದ ಬೆರಳು ನಿಂತರೆ ಅಳತೆ ಸರಿ. ಮಣಿಕಟ್ಟು ಬಾಗಿ ಕೈ ಕಿತ್ತು ಬಂದರೆ ಒಂದು ಅಳತೆ ಇಳಿಯಿರಿ.

ಈಗಾಗಲೇ ಫುಲ್ ಸೈಜ್ ಇದ್ದು ಕೈ ನೋಯುತ್ತಿದ್ದರೆ, ಮಾರುವ ಮೊದಲು ತಂತಿಯ ಎತ್ತರ ನೋಡಿಸಿ. ಬೆರಳು ಹಲಗೆಯ ಕುದುರೆ ಕಡೆಯ ತುದಿಯಲ್ಲಿ, ಹಲಗೆಯಿಂದ ತೆಳ್ಳನೆಯ ಎ ತಂತಿ ಸುಮಾರು 5 ಮಿ.ಮೀ., ಸಿ ತಂತಿ ಸುಮಾರು 8 ಮಿ.ಮೀ. ಎತ್ತರದಲ್ಲಿದ್ದರೆ ಸಾಕು. ಅದಕ್ಕಿಂತ ತುಂಬಾ ಜಾಸ್ತಿ ಇದ್ದರೆ ಕುದುರೆ ತಗ್ಗಿಸಿದರೇ ಕೈಗೆ ಎಷ್ಟೋ ಹಗುರ.

7/8 ನಮ್ಮಲ್ಲಿ ಸುಲಭಕ್ಕೆ ಸಿಗುವುದಿಲ್ಲ, ಹೇಳಿ ತರಿಸಬೇಕಾಗಬಹುದು. ಕಾಯಿರಿ. ಸಾಮಾನ್ಯವಾಗಿ ಫುಲ್ ಸೈಜ್ ತಂತಿಯೇ ಅದಕ್ಕೂ ಆಗುತ್ತದೆ, ಕಮಾನೂ ಅದೇ ನಡೆಯುತ್ತದೆ.