ಸೀಜ್ ಆದ ಔಟ್‌ಬೋರ್ಡ್ ಎಂಜಿನ್ ಬಿಚ್ಚಿ ಕಟ್ಟುವ ಕ್ರಮ

ದೋಣಿಯ ಹಿಂಬದಿಗೆ ಕೂರಿಸುವ ಔಟ್‌ಬೋರ್ಡ್ ಎಂಜಿನ್ ಕಡಲ ಮಧ್ಯೆ ಸೀಜ್ ಆದರೆ, ಅಂದರೆ ಪಿಸ್ಟನ್ ಸಿಲಿಂಡರ್‌ಗೆ ಹಿಡಿದುಕೊಂಡು ನಿಂತರೆ, ದಡಕ್ಕೆ ಎಳೆದು ತಂದವರು ಮೊದಲು ಓಡುವುದು ಹೊಸ ಪಿಸ್ಟನ್ ತರಲು. ಪಿಸ್ಟನ್, ರಿಂಗ್ ಎರಡೂ ಹೊಸದು, ಎಂಜಿನ್ ಚೆನ್ನಾಗಿಯೇ ಶುರುವಾಗುತ್ತದೆ. ಹದಿನೈದು ದಿನ ಕಳೆಯುವಷ್ಟರಲ್ಲಿ ಅದೇ ಸಿಲಿಂಡರ್ ಮತ್ತೆ ಹಿಡಿಯುತ್ತದೆ. ಹಳೇ ಪಿಸ್ಟನ್ ಯಾಕೆ ಸುಟ್ಟಿತು ಎಂದು ಯಾರೂ ನೋಡಿರುವುದಿಲ್ಲ. ಅದು ಆಗಲೇ ಗುಜರಿಗೆ ಹೋಗಿರುತ್ತದೆ.

ಇಲ್ಲಿನ ಲೆಕ್ಕ ಎರಡು ಸಿಲಿಂಡರ್‌ನ, ಇಂಧನಕ್ಕೇ ಆಯಿಲ್ ಬೆರೆಸಿ ಓಡಿಸುವ ಟೂ ಸ್ಟ್ರೋಕ್ 40 ಎಚ್‌ಪಿ ಎಂಜಿನ್‌ಗೆ. ಉದಾಹರಣೆಗೆ ಯಮಹಾ ಎಂಡ್ಯೂರೋ 40: 703 ಸಿಸಿ, ಬೋರ್ (ಸಿಲಿಂಡರ್‌ನ ಒಳವ್ಯಾಸ) 80 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡುವ ದೂರ) 70 ಮಿ.ಮೀ. ನಿಮ್ಮ ಮಾಡೆಲ್‌ನ ಸರ್ವಿಸ್ ಪುಸ್ತಕದಲ್ಲಿ ಬೇರೆ ಅಳತೆ ಇದ್ದರೆ ಅದನ್ನೇ ಹಿಡಿಯಿರಿ.

ತೊಳೆಯುವ ಮೊದಲು ನೋಡಿ

ಪಿಸ್ಟನ್ ಹೊರಗೆ ಬಂದ ಕೂಡಲೇ ಪೆಟ್ರೋಲಿನಲ್ಲಿ ಅದ್ದಬೇಡಿ. ಮೇಲಿನದು, ಕೆಳಗಿನದು ಎಂದು ಗುರುತು ಹಾಕಿ, ಬಿಸಿಲಿಗೆ ಹಿಡಿದು ನೋಡಿ. ಸ್ಪಾರ್ಕ್ ಪ್ಲಗ್‌ಗಳನ್ನೂ ಪಕ್ಕದಲ್ಲೇ ಇಟ್ಟುಕೊಳ್ಳಿ.

ಸುತ್ತಲೂ ನಾಲ್ಕು ಕಡೆ ಉದ್ದಕ್ಕೆ ಗೀರು ಬಿದ್ದಿದ್ದರೆ ಪಿಸ್ಟನ್ ಬೋರ್‌ಗಿಂತ ಬೇಗ ಹಿಗ್ಗಿದೆ. ತಂಪು ನೀರು ನಿಂತಿರಬೇಕು, ಇಲ್ಲವೇ ಎಂಜಿನ್ ಬಿಸಿಯಾಗುವ ಮೊದಲೇ ಪೂರ್ತಿ ಥ್ರಾಟಲ್ ಕೊಟ್ಟಿರಬೇಕು. ಎಕ್ಸಾಸ್ಟ್ ಪೋರ್ಟ್ ಕಡೆ ಮಾತ್ರ ಗೀರಿದ್ದರೆ ಆಯಿಲ್ ಸಾಲಲಿಲ್ಲ, ಅಥವಾ ಮಿಶ್ರಣದಲ್ಲಿ ಪೆಟ್ರೋಲಿಗಿಂತ ಗಾಳಿ ಹೆಚ್ಚಾಗಿದೆ. ಪಿಸ್ಟನ್ ತಲೆಯ ಅಂಚು ಇಲಿ ಕಡಿದ ಹಾಗೆ ತರಿತರಿಯಾಗಿ, ಪ್ಲಗ್ ತುದಿಯಲ್ಲಿ ಬೂದುಬಣ್ಣದ ಅಲ್ಯುಮಿನಿಯಂ ಕಣ ಅಂಟಿದ್ದರೆ ಅದು ನಾಕಿಂಗ್, ಅಂದರೆ ಮಿಶ್ರಣ ಸಮನಾಗಿ ಉರಿಯದೆ ತಾನಾಗಿ ಸಿಡಿಯುವುದು. ತಲೆಯ ನಡುವೆಯೇ ತೂತು ಬಿದ್ದಿದ್ದರೆ ಪ್ಲಗ್ ಕಿಡಿ ಹಾರುವ ಮೊದಲೇ ಉರಿ ಹೊತ್ತಿದೆ: ಪ್ಲಗ್‌ನ ಹೀಟ್ ರೇಂಜ್ (ಬಿಸಿ ಬಿಟ್ಟುಕೊಡುವ ದರ್ಜೆ) ತಪ್ಪು, ಅಥವಾ ಕಾರ್ಬನ್ ಕೆಂಡವಾಗಿದೆ.

ಯಾವ ಸಿಲಿಂಡರ್ ಹೋಗಿದೆ ಎನ್ನುವುದೂ ಸುಳಿವೇ. ಬರೀ ಮೇಲಿನದು ಹೋಗಿದ್ದರೆ ಕ್ರ್ಯಾಂಕ್‌ನ ಮೇಲಿನ ಆಯಿಲ್ ಸೀಲ್, ಬರೀ ಕೆಳಗಿನದು ಹೋಗಿದ್ದರೆ ಕೆಳಗಿನ ಸೀಲ್ ಮೇಲೆ ಮೊದಲ ಅನುಮಾನ. ಸೀಲ್ ಸವೆದಲ್ಲಿ ಗಾಳಿ ಒಳಗೆಳೆದು ಮಿಶ್ರಣ ತೆಳುವಾಗುತ್ತದೆ, ಕಾರ್ಬುರೇಟರ್ ಎಷ್ಟು ತಿರುಗಿಸಿದರೂ ಅದು ಸರಿಯಾಗದು. ಎರಡೂ ಒಟ್ಟಿಗೆ ಹೋಗಿದ್ದರೆ ನೀರು ಅಥವಾ ಇಂಧನ.

ಇಂಧನ ಎಂದಾಗ ಈಗ ಒಂದು ಹೊಸ ತಲೆನೋವಿದೆ. ಇ20 ಪೆಟ್ರೋಲಿನಲ್ಲಿ ಬೆರೆತಿರುವ 20 ಪರ್ಸೆಂಟ್ ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ. ದೋಣಿಯ ಟ್ಯಾಂಕಿಗೆ ನೀರು ಸೇರಿದರೆ ನೀರು–ಎಥನಾಲ್ ಬೇರೆ ಪದರವಾಗಿ ತಳಕ್ಕಿಳಿಯುತ್ತದೆ. ಆಯಿಲ್ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ. ಎಂಜಿನ್ ಎಳೆಯುವುದು ಟ್ಯಾಂಕಿನ ತಳದಿಂದ. ಲೆಕ್ಕ ಹಾಕಿ ಆಯಿಲ್ ಬೆರೆಸಿದವನಿಗೂ ಹೀಗೆ ಸೀಜ್ ತಪ್ಪುವುದಿಲ್ಲ. ಟ್ಯಾಂಕಿನ ತಳದಿಂದ ಒಂದು ಗಾಜಿನ ಬಾಟಲಿಗೆ ತೆಗೆದು ಅರ್ಧ ಗಂಟೆ ಇಡಿ. ಗೆರೆ ಕಂಡರೆ ಎಲ್ಲ ಚೆಲ್ಲಿ ಟ್ಯಾಂಕ್ ಒರೆಸಿ.

ಸೀಮೆಎಣ್ಣೆ ಎಂಜಿನ್‌ಗಳಲ್ಲಿ ನಾಕಿಂಗ್ ಹೆಚ್ಚು, ಏಕೆಂದರೆ ಸೀಮೆಎಣ್ಣೆಯ ಆಕ್ಟೇನ್ (ನಾಕಿಂಗ್ ತಡೆಯುವ ಗುಣ) ಕಡಿಮೆ. ಅದಕ್ಕೇ ಆ ಮಾಡೆಲ್‌ಗಳ ಕಂಪ್ರೆಶನ್ ತಗ್ಗಿಸಿರುತ್ತಾರೆ. ಸಿಕ್ಕಿತೆಂದು ಪೆಟ್ರೋಲ್ ಮಾಡೆಲ್‌ನ ಹೆಡ್ ಹಾಕಿದರೆ ಪಿಸ್ಟನ್ ಉಳಿಯುವುದಿಲ್ಲ.

ಬಿಚ್ಚುವುದು

ಉಪ್ಪುನೀರಲ್ಲಿ ದುಡಿದ ಎಂಜಿನ್‌ನ ಬೋಲ್ಟ್ ಬಲ ಹಾಕಿದರೆ ಮುರಿಯುತ್ತದೆ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಬಿಡಿ. ಬೆಳಿಗ್ಗೆ ಬೋಲ್ಟ್‌ನ ಸುತ್ತಲಿನ ಅಲ್ಯುಮಿನಿಯಂಗೆ ಬಿಸಿ ಕೊಡಿ, ಬೋಲ್ಟ್‌ಗಲ್ಲ. ಅಲ್ಯುಮಿನಿಯಂ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುವುದರಿಂದ ಹಿಡಿತ ಸಡಿಲುತ್ತದೆ. ಇಂಧನದ ಪೈಪು, ಟ್ಯಾಂಕ್ ಮೊದಲೇ ದೂರ ಇಟ್ಟಿರಬೇಕು. ಕಾಲು ಸುತ್ತು ಬಿಚ್ಚಿ, ಅರ್ಧದಷ್ಟು ಹಿಂದಕ್ಕೆ ಬಿಗಿದು, ಮತ್ತೆ ಬಿಚ್ಚಿ.

ಕ್ರ್ಯಾಂಕ್‌ಕೇಸ್‌ನ ಎರಡು ಭಾಗಗಳ ಸಂದಿಗೆ ಸ್ಕ್ರೂಡ್ರೈವರ್ ತುರುಕಬೇಡಿ. ಅಲ್ಲಿ ಗ್ಯಾಸ್ಕೆಟ್ ಇಲ್ಲ, ಲೋಹಕ್ಕೆ ಲೋಹವೇ ಕೂರುವುದು. ಒಂದು ಗೀರು ಬಿದ್ದರೆ ಗಾಳಿಗೆ ದಾರಿ. ಎರಡೂ ಭಾಗಗಳನ್ನು ಕೂಡಿಸಿಯೇ ಕೊರೆದಿರುತ್ತಾರೆ, ಆದ್ದರಿಂದ ಬೇರೆ ಎಂಜಿನ್‌ನ ಅರ್ಧ ಇದಕ್ಕೆ ಹೊಂದುವುದಿಲ್ಲ.

ಬೋರ್

ಬೋರ್ ಗೇಜ್‌ನಿಂದ ಆರು ಅಳತೆ: ಮೇಲೆ, ನಡುವೆ, ಕೆಳಗೆ, ಪ್ರತಿ ಕಡೆ ಅಡ್ಡ ಮತ್ತು ಉದ್ದ. ಮೇಲಿಂದ ಕೆಳಕ್ಕೆ ವ್ಯತ್ಯಾಸ 0.08 ಮಿ.ಮೀ., ಅಥವಾ ಒಂದೇ ಮಟ್ಟದಲ್ಲಿ ಅಡ್ಡ–ಉದ್ದದ ವ್ಯತ್ಯಾಸ 0.05 ಮಿ.ಮೀ. ದಾಟಿದರೆ ಬೋರಿಂಗ್‌ಗೇ ಕೊಡಬೇಕು. ಓವರ್‌ಸೈಜ್ ಪಿಸ್ಟನ್ 0.25 ಮತ್ತು 0.50 ಮಿ.ಮೀ. ಅಳತೆಯಲ್ಲಿ ಬರುತ್ತದೆ.

ಅಳತೆ ಸರಿಯಿದ್ದು, ಗೋಡೆಗೆ ಅಲ್ಯುಮಿನಿಯಂ ಮಾತ್ರ ಮೆತ್ತಿದ್ದರೆ ಸ್ಲೀವ್ (ಸಿಲಿಂಡರ್ ಒಳಗಿನ ಕಬ್ಬಿಣದ ಕೊಳವೆ) ಉಳಿಸಬಹುದು. ಹತ್ತಿಯ ತುದಿಗೆ ಹೈಡ್ರೋಕ್ಲೋರಿಕ್ ಆಮ್ಲ ತಗುಲಿಸಿ ಮೆತ್ತಿದ ಕಡೆ ಮಾತ್ರ ಹಚ್ಚಿ. ನೊರೆ ಬರುವುದು ನಿಂತರೆ ಅಲ್ಯುಮಿನಿಯಂ ಕರಗಿತು. ಬ್ಲಾಕ್ ಕೂಡ ಅಲ್ಯುಮಿನಿಯಂ, ಆದ್ದರಿಂದ ಪೋರ್ಟ್‌ಗಳಿಗೆ ಇಳಿಯಬಾರದು. ಅಡುಗೆ ಸೋಡಾ ಬೆರೆಸಿದ ನೀರಲ್ಲಿ ತೊಳೆದು, ಕಲ್ಲಿನ ಹೋನ್‌ನಿಂದ ಗೋಡೆ ಉಜ್ಜಿ. ಕೈಗವಸು, ಕನ್ನಡಕ ಹಾಕಿ, ಬಯಲಲ್ಲೇ ಮಾಡಿ.

ಬೋರಿಂಗ್‌ಗೆ ಕೊಡುವುದಾದರೆ ಪಿಸ್ಟನ್ ಮೊದಲು ತನ್ನಿ, ಬೋರ್ ಆಮೇಲೆ. ಪಿಸ್ಟನ್‌ನ ಕೆಳ ಅಂಚಿನಿಂದ ಸುಮಾರು 10 ಮಿ.ಮೀ. ಮೇಲೆ, ಗಜನ್ ಪಿನ್‌ಗೆ (ಪಿಸ್ಟನ್ ಮತ್ತು ಕನೆಕ್ಟಿಂಗ್ ರಾಡ್ ಸೇರಿಸುವ ಪಿನ್) ಅಡ್ಡಲಾಗಿ ಮೈಕ್ರೋಮೀಟರ್ ಹಿಡಿದು ಅಳೆದು, ಆ ಅಳತೆಗೆ 0.06ರಿಂದ 0.08 ಮಿ.ಮೀ. ಸೇರಿಸಿ ಕೊರೆಯಲು ಹೇಳಿ. ಡಬ್ಬದ ಮೇಲೆ ಬರೆದ ಸೈಜ್ ನಂಬಿ ಕೊರೆದರೆ ಒಂದೋ ಟೈಟ್, ಇಲ್ಲವೇ ಬಡಿತ.

ಲೇತ್‌ನಿಂದ ಬಂದ ಬ್ಲಾಕ್‌ನ ಪೋರ್ಟ್ ಅಂಚಿಗೆ ಬೆರಳು ಸವರಿ. ಚರ್ಮ ತರಚುವಷ್ಟು ಹರಿತವಾಗಿದ್ದರೆ ಚೇಂಫರ್ ಮಾಡಿಲ್ಲ. ರಿಂಗ್ ಅಲ್ಲೇ ಸಿಕ್ಕಿ ತುಂಡಾಗುತ್ತದೆ. ಅಂಚು ತುಸು ದುಂಡಾಗುವಷ್ಟು ಸಣ್ಣ ಕಲ್ಲಿನಿಂದ ಉಜ್ಜಿ. ಆಮೇಲೆ ಸೋಪು, ಬಿಸಿನೀರು, ಬ್ರಷ್. ಬಿಳಿ ಬಟ್ಟೆಯಿಂದ ಒರೆಸಿದರೆ ಬಟ್ಟೆ ಬಿಳಿಯಾಗಿಯೇ ಉಳಿಯುವವರೆಗೆ ತೊಳೆಯಬೇಕು, ತಕ್ಷಣ ಆಯಿಲ್ ಸವರಬೇಕು. ಕರಾವಳಿಯ ಗಾಳಿಗೆ ಹೊಸ ಬೋರ್ ನೋಡುನೋಡುತ್ತಲೇ ತುಕ್ಕು ಹಿಡಿಯುತ್ತದೆ.

ಜೋಡಣೆ

ಸೀಜ್ ಆದ ಎಂಜಿನ್‌ನ ಪುಡಿ, ಕನೆಕ್ಟಿಂಗ್ ರಾಡ್ ಕ್ರ್ಯಾಂಕ್‌ಗೆ ಸೇರುವಲ್ಲಿನ ಬಿಗ್ ಎಂಡ್ ಬೇರಿಂಗ್‌ಗೆ ಇಳಿದಿರುತ್ತದೆ. ಕ್ರ್ಯಾಂಕ್ ಪೂರ್ತಿ ತೊಳೆದು, ಕನೆಕ್ಟಿಂಗ್ ರಾಡನ್ನು ಕೈಯಲ್ಲಿ ನಿಧಾನ ತಿರುಗಿಸಿ. ಮರಳು ಸಿಕ್ಕಂತೆ ಅನಿಸಿದರೆ ಬೇರಿಂಗ್ ಬದಲಿಸಿ. ಗಾಳಿ ಹೊಡೆದು ಬೇರಿಂಗ್ ತಿರುಗಿಸುವ ಅಭ್ಯಾಸ ಬಿಡಿ. ಆಯಿಲ್ ಇಲ್ಲದೆ ಆ ವೇಗಕ್ಕೆ ಅದು ಅಲ್ಲೇ ಕೆಡುತ್ತದೆ. ಸೀಲ್‌ಗಳನ್ನೆಲ್ಲ ಕೇಳದೆ ಬದಲಿಸಿ.

ರಿಂಗ್ ಅನ್ನು ಬೋರ್‌ಗೆ ಇಳಿಸಿ ಪಿಸ್ಟನ್‌ನಿಂದಲೇ 20 ಮಿ.ಮೀ. ಒಳಗೆ ತಳ್ಳಿದರೆ ನೇರ ಕೂರುತ್ತದೆ. ಫೀಲರ್ ಗೇಜ್‌ನಲ್ಲಿ ಬಾಯಿಯ ಅಂತರ ಸುಮಾರು 0.3ರಿಂದ 0.45 ಮಿ.ಮೀ. ಇರಬೇಕು. ಅಕ್ಷರ ಇರುವ ಬದಿ ಮೇಲೆ. ರಿಂಗ್‌ನ ಬಾಯಿ ಪಿಸ್ಟನ್ ತೋಡಿನ ಸಣ್ಣ ಪಿನ್‌ಗೆ ಸರಿಯಾಗಿ ಕೂರಬೇಕು. ಪಿಸ್ಟನ್ ತಲೆಯ ‘ಅಪ್’ ಗುರುತು ಫ್ಲೈವೀಲ್ ಕಡೆಗೆ. ಗಜನ್ ಪಿನ್‌ನ ಕ್ಲಿಪ್ ಯಾವತ್ತೂ ಹೊಸದು. ಐದು ರೂಪಾಯಿಯ ಆಸೆಗೆ ಹಳೆಯದು ಹಾಕಿ ಬೋರ್ ಕೆಡಿಸಿಕೊಂಡವರಿದ್ದಾರೆ.

ಕೇಸ್ ಮುಚ್ಚಲು ಗಾಳಿ ಇಲ್ಲದಲ್ಲಿ ಗಟ್ಟಿಯಾಗುವ ಎಂಜಿನ್ ಸೀಲೆಂಟ್, ತೆಳುವಾಗಿ. ಮಾಮೂಲಿ ಸಿಲಿಕೋನ್ ಪೆಟ್ರೋಲಿಗೆ ಉಬ್ಬಿ, ಎದ್ದು ತೂತುಗಳನ್ನು ಮುಚ್ಚುತ್ತದೆ. ಹೆಡ್‌ನ ಎಂ8 ಬೋಲ್ಟ್‌ಗಳನ್ನು ನಡುವಿನಿಂದ ಹೊರಕ್ಕೆ, ಮೊದಲು 15, ಆಮೇಲೆ 30 ನ್ಯೂಟನ್ ಮೀಟರ್. ಟಾರ್ಕ್ ರೆಂಚ್ ಬೇಕೇ ಬೇಕು. ಮಿಶ್ರಣವನ್ನು ಒಳಕ್ಕೆ ಮಾತ್ರ ಬಿಡುವ ರೀಡ್ ವಾಲ್ವ್‌ನ ಎಲೆ ಸೀಟಿನಿಂದ 0.2 ಮಿ.ಮೀ.ಗಿಂತ ಹೆಚ್ಚು ಎದ್ದಿದ್ದರೆ ಅಥವಾ ಮೂಲೆ ಚಕ್ಕೆ ಹೋಗಿದ್ದರೆ ಬದಲಿಸಿ.

ಮೇಲೆ ಕೂರಿಸುವ ಮೊದಲು ಗಾಳಿ ಪರೀಕ್ಷೆ ಮಾಡಿ. ಇನ್‌ಟೇಕ್, ಎಕ್ಸಾಸ್ಟ್ ಎರಡಕ್ಕೂ ರಬ್ಬರ್ ಇಟ್ಟು ಪ್ಲೇಟ್ ಬಿಗಿದು, ಸುಮಾರು 6 ಪಿಎಸ್‌ಐ ಒತ್ತಡ ಕೊಡಿ. ಕೆಲವು ನಿಮಿಷ ಮುಳ್ಳು ಬಹುತೇಕ ಅಲ್ಲೇ ನಿಲ್ಲಬೇಕು. ಇಳಿದರೆ ಸೋಪು ನೀರು ಸವರಿ ಗುಳ್ಳೆ ಹುಡುಕಿ.

ತಂಪು ನೀರಿನ ದಾರಿ

ಜೂನ್ 1ರಿಂದ ಜುಲೈ 31ರವರೆಗೆ, ಮೀನುಗಾರಿಕೆ ನಿಷೇಧದ 61 ದಿನ, ತೊಳೆಯದೆ ಇಟ್ಟ ಎಂಜಿನ್‌ನ ನೀರಿನ ಜಾಕೆಟ್‌ನಲ್ಲಿ ಉಪ್ಪು ಕಲ್ಲಾಗಿರುತ್ತದೆ. ಅದು ಹಿಡಿಯುವುದು ಆಗಸ್ಟ್‌ನಲ್ಲಿ. ಎಕ್ಸಾಸ್ಟ್ ಕವರ್ ತೆಗೆದು ಮರದ ಕಡ್ಡಿಯಿಂದ ಕೆರೆದು, ಉಳಿದದ್ದಕ್ಕೆ ವಿನೆಗರ್ ತುಂಬಿಸಿ ಇಡಿ. ಥರ್ಮೋಸ್ಟಾಟ್ ಅನ್ನು ಬಿಸಿನೀರಿನ ಪಾತ್ರೆಯಲ್ಲಿ ದಾರಕ್ಕೆ ಕಟ್ಟಿ ನೋಡಿ: 50 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಬಾಯಿ ಬಿಡಬೇಕು. ಪಂಪ್‌ನ ಇಂಪೆಲ್ಲರ್ ಹೊಸದು ಹಾಕಿ. ಹಳೆಯದರ ರೆಕ್ಕೆ ಮುರಿದಿದ್ದರೆ ಆ ತುಂಡು ಸಿಗುವವರೆಗೆ ಹುಡುಕಿ, ಅದು ಮೇಲಿನ ಕೊಳವೆಯಲ್ಲೇ ಎಲ್ಲೋ ಕೂತಿರುತ್ತದೆ. ಡ್ರೈವ್ ಶಾಫ್ಟ್ ತುದಿಯ ಹಲ್ಲುಗಳಿಗೆ (ಸ್ಪ್ಲೈನ್) ಗ್ರೀಸ್ ಮರೆಯಬೇಡಿ.

ಮೊದಲ 10 ಗಂಟೆ

ನೀರಿನಿಂದ ತಂಪಾಗುವ ಟೂ ಸ್ಟ್ರೋಕ್ ಎಂಜಿನ್‌ಗಳಿಗೆಂದೇ ಇರುವ ಟಿಸಿ-ಡಬ್ಲ್ಯೂ3 ದರ್ಜೆಯ ಆಯಿಲ್ ಮಾತ್ರ. ಸ್ಕೂಟರ್‌ನ 2ಟಿ ಆಯಿಲ್ ಬೇಡ. ಲೀಟರ್ ಪೆಟ್ರೋಲಿಗೆ 40 ಮಿ.ಲೀ., ಅಂದರೆ 25ಕ್ಕೆ 1. ಹತ್ತು ಗಂಟೆ ಮುಗಿದ ಮೇಲೆ ಪೆಟ್ರೋಲ್ ಮಾಡೆಲ್‌ಗೆ 50ಕ್ಕೆ 1. ಮೊದಲ ಹತ್ತು ನಿಮಿಷ ಐಡ್ಲಿಂಗ್, ಆಮೇಲೆ ಆ ಗಂಟೆ ಪೂರ್ತಿ 3000 ಆರ್‌ಪಿಎಂ ದಾಟದೆ. ಎರಡನೇ ಗಂಟೆಯಲ್ಲಿ ಮುಕ್ಕಾಲು ಥ್ರಾಟಲ್. ಮೂರರಿಂದ ಹತ್ತನೇ ಗಂಟೆಯವರೆಗೆ ಪೂರ್ತಿ ಥ್ರಾಟಲ್ ಒಂದು ಸಲಕ್ಕೆ ಐದು ನಿಮಿಷಕ್ಕಿಂತ ಹೆಚ್ಚು ಬೇಡ. ಹಿಂದಿನಿಂದ ಚಿಮ್ಮುವ ನೀರಿನ ಎಳೆ ಒಂದು ಕ್ಷಣ ತೆಳುವಾದರೂ ಎಂಜಿನ್ ನಿಲ್ಲಿಸಿ.

ಹತ್ತು ಗಂಟೆಯ ನಂತರ ಎಂಜಿನ್ ತಣ್ಣಗಾದ ಮೇಲೆ ಹೆಡ್ ಬೋಲ್ಟ್‌ಗಳ ಟಾರ್ಕ್ ನೋಡಿ. ಕಂಪ್ರೆಶನ್ ಅಳೆಯುವುದು ಎಂಜಿನ್ ಬೆಚ್ಚಗಿರುವಾಗ: ಥ್ರಾಟಲ್ ಪೂರ್ತಿ ತೆರೆದು, ಎರಡೂ ಪ್ಲಗ್ ತೆಗೆದು, ಹಗ್ಗ ನಾಲ್ಕೈದು ಸಲ ಎಳೆಯಿರಿ. ಎರಡು ಸಿಲಿಂಡರ್ ನಡುವೆ ಹತ್ತು ಪರ್ಸೆಂಟಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಕಡಿಮೆ ತೋರಿಸುವ ಬೋರ್‌ಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಎಳೆದು ನೋಡಿ. ಮುಳ್ಳು ಏರಿದರೆ ರಿಂಗ್ ಇನ್ನೂ ಕೂತಿಲ್ಲ, ಏರದಿದ್ದರೆ ಹೆಡ್ ಗ್ಯಾಸ್ಕೆಟ್ ಬಿಚ್ಚಬೇಕು.