ಮಲ್ಪೆ ಮರಳಿನಲ್ಲಿ ಅಮೆರಿಕನ್ ಫುಟ್‌ಬಾಲ್: ಮೊದಲು ಹತ್ತು ಗಜದ ಲೆಕ್ಕ

ಹೆಸರು ಫುಟ್‌ಬಾಲ್ ಆದರೂ ಇಲ್ಲಿ ಕಾಲಿಗೆ ಕೆಲಸ ಕಡಿಮೆ. ಇದು ಜಾಗ ಗಳಿಸುವ ಆಟ. ಕಬಡ್ಡಿಯಲ್ಲಿ ಒಂದು ರೈಡ್ ಮುಗಿದ ಮೇಲೆ ಇನ್ನೊಂದು ಶುರುವಾಗುವ ಹಾಗೆ, ಇಲ್ಲೂ ಆಟ ನಿಂತು ನಿಂತು ಸಾಗುತ್ತದೆ. ಒಂದೊಂದು ಪ್ರಯತ್ನಕ್ಕೂ ‘ಡೌನ್’ ಎಂದು ಹೆಸರು. ನಾಲ್ಕು ಡೌನ್‌ಗಳೊಳಗೆ 10 ಗಜ ಮುಂದೆ ಹೋಗಬೇಕು. ಕ್ರಿಕೆಟ್ ಪಿಚ್‌ನ ಅರ್ಧಕ್ಕಿಂತ ಒಂದು ಗಜ ಕಮ್ಮಿ. ಹೋದರೆ ಮತ್ತೆ ನಾಲ್ಕು ಡೌನ್. ಇಲ್ಲವಾದರೆ ಚೆಂಡು ನಿಂತ ಜಾಗದಲ್ಲೇ ಎದುರಾಳಿಯ ಪಾಲು.

ಒಂದು ಲೆಕ್ಕ ನೋಡಿ. ಮೊದಲ ಡೌನ್‌ನಲ್ಲಿ 3 ಗಜ ಓಡಿದಿರಿ, ಬಾಕಿ 7. ಎರಡನೆಯದರಲ್ಲಿ ಎಸೆದ ಪಾಸ್ ಯಾರ ಕೈಗೂ ಸಿಗದೆ ನೆಲಕ್ಕೆ ಬಿತ್ತು: ಚೆಂಡು ಹಳೇ ಗೆರೆಗೇ ವಾಪಸ್, ಡೌನ್ ಮಾತ್ರ ಖರ್ಚು. ಹೊಸಬರು ಎಡವುವುದು ಇಲ್ಲೇ. ಬಿದ್ದಲ್ಲಿಂದ ಆಡಲು ಹೊರಡುತ್ತಾರೆ. ಮೂರನೆಯದರಲ್ಲಿ 8 ಗಜ ಸಿಕ್ಕಿದರೆ ಲೆಕ್ಕ ಮತ್ತೆ ಒಂದರಿಂದ. ನಾಲ್ಕನೆಯ ಡೌನ್‌ಗೂ ದೂರ ತುಂಬ ಉಳಿದಿದ್ದರೆ ತಂಡಗಳು ಚೆಂಡನ್ನು ದೂರ ಒದ್ದು ಬಿಟ್ಟುಕೊಡುತ್ತವೆ. ಸೋತು ಅಲ್ಲ, ಎದುರಾಳಿ ಹಿಂದಿನಿಂದ ಶುರುಮಾಡಲಿ ಎಂದು.

ಮುಂದಕ್ಕೆ ಎಸೆಯುವುದು ಒಂದು ಡೌನ್‌ಗೆ ಒಂದೇ ಸಲ, ಅದೂ ಆಟ ಶುರುವಾದ ಗೆರೆಯ ಹಿಂದಿನಿಂದ. ಹಿಂದಕ್ಕೆ ಎಷ್ಟು ಸಲವಾದರೂ ಕೊಡಬಹುದು. ತುದಿಯ ವಲಯ ಮುಟ್ಟಿದರೆ ಟಚ್‌ಡೌನ್, 6 ಅಂಕ. ಕಂಬಗಳ ನಡುವೆ ಒದ್ದರೆ ಫೀಲ್ಡ್ ಗೋಲ್, 3.

ಪೂರ್ಣ ಆಟಕ್ಕೆ ತಂಡಕ್ಕೆ 11 ಜನ, ಹೆಲ್ಮೆಟ್, ಪ್ಯಾಡ್ ಬೇಕು. ಬೀಚಿನಲ್ಲಿ ಅದರ ಗೋಜು ಬೇಡ ಮಾರಾಯ್ರೆ, ಐದೈದು ಜನರ ಫ್ಲ್ಯಾಗ್ ಫುಟ್‌ಬಾಲ್ ಸಾಕು. 2028ರ ಲಾಸ್ ಏಂಜಲಿಸ್ ಒಲಿಂಪಿಕ್ಸ್‌ಗೆ ಸೇರಿರುವುದೂ ಅದೇ. ನೀರಿಳಿದ ಹೊತ್ತಿನ ಒದ್ದೆ, ಗಟ್ಟಿ ಮರಳಿನಲ್ಲಿ ದಡದ ಉದ್ದಕ್ಕೆ 70 ಗಜ, ಅಗಲಕ್ಕೆ 25 ಗಜ ಅಳೆಯಿರಿ. ಎರಡೂ ತುದಿಯ 10 ಗಜ ಅಂಕದ ವಲಯ. ಮೂಲೆಗೆ ಚಪ್ಪಲಿ ಇಟ್ಟರಾಯಿತು. ಇಲ್ಲಿ ನಾಲ್ಕು ಡೌನ್‌ನಲ್ಲಿ ನಡುಗೆರೆ ದಾಟಬೇಕು, ದಾಟಿದರೆ ಅಂಕಕ್ಕೆ ಇನ್ನು ನಾಲ್ಕು. ಚೆಂಡು ಹಿಡಿದು ಓಡುವವನನ್ನು ಕೆಡವುವ ಬದಲು ಅವನ ಸೊಂಟದ ಪಟ್ಟಿ ಕೀಳುವುದು. ಹಳೆ ಬೈರಾಸು ಹರಿದು ಎರಡು ಬದಿಗೆ ಸಿಕ್ಕಿಸಿ. ಗಂಟು ಹಾಕಿದರೆ ಪಟ್ಟಿಯ ಜೊತೆ ಚಡ್ಡಿಯೂ ಹೋದೀತು. ಓಡುವವನು ಪಟ್ಟಿಗೆ ಕೈ ಅಡ್ಡ ಹಿಡಿದರೆ ಫೌಲ್.

ಈ ಆಟದ ಚೂಪು ತುದಿಯ ಉದ್ದ ಚೆಂಡಿನಲ್ಲಿ ರಬ್ಬರಿನದ್ದೇ ತನ್ನಿ, ಚರ್ಮದ್ದಕ್ಕೆ ಉಪ್ಪುನೀರು ಆಗದು. ಹೊಲಿಗೆಯ ಮೇಲೆ ಬೆರಳಿಟ್ಟು, ನಡುವಿಗಿಂತ ತುಸು ಹಿಂದೆ ಹಿಡಿಯಿರಿ. ಅಂಗೈಗೂ ಚೆಂಡಿಗೂ ನಡುವೆ ಸಂದು ಇರಲಿ. ಅಂಗೈ ಅಂಟಿದರೆ ಚೆಂಡು ತಿರುಗದೆ ತೊನೆಯುತ್ತದೆ. ಬಲಗೈಯವರ ಎಡ ಭುಜ ಗುರಿಯ ಕಡೆಗಿರಲಿ, ತೋರುಬೆರಳು ಕೊನೆಗೆ ಬಿಡಲಿ. ಮಧ್ಯಾಹ್ನದ ಮೇಲೆ ಕಡಲಗಾಳಿ ಉದ್ದದ ಪಾಸನ್ನು ತೋಟದ ಕಡೆಗೆ ತಳ್ಳುತ್ತದೆ, ಗುರಿಯನ್ನು ಸ್ವಲ್ಪ ನೀರಿನ ಕಡೆಗೆ ಇಡಿ.