ತಾಮ್ರದ ಆನೆಗೆ ಊರಿನ ಚೀಟಿ: ನಾಣ್ಯ ಪ್ರದರ್ಶನದಲ್ಲಿ ನನ್ನ ಅನುಭವ

ಒಂದು ಮುಖದಲ್ಲಿ ಆನೆ ಇರುವ ಟಿಪ್ಪುವಿನ ತಾಮ್ರದ ಪೈಸೆಗಳನ್ನು ಬುಟ್ಟಿಯಲ್ಲಿ ರಾಶಿ ಹಾಕಿ "ಯಾವುದು ತಗೊಂಡ್ರೂ ನೂರು" ಎಂದು ಮಾರುವುದು ನಮ್ಮ ಕಡೆ ಹಳೆಯ ಪದ್ಧತಿ. ನಾನೂ ಎರಡು ಪ್ರದರ್ಶನಗಳಲ್ಲಿ ಹಾಗೇ ಮಾರಿದ್ದೆ. ಈ ಸಲ ಬೆಂಗಳೂರಿನ ಮೂರು ದಿನದ ಪ್ರದರ್ಶನಕ್ಕೆ ಹೋಗುವಾಗ ಪ್ರತಿ ಪೈಸೆಯನ್ನು ಇಟ್ಟ ರಟ್ಟಿನ ಹೋಲ್ಡರ್ ಮೇಲೂ ಟಂಕಸಾಲೆಯ ಊರು, ತೂಕ, ಬೆಲೆ ಮೂರನ್ನೂ ಕನ್ನಡದಲ್ಲಿ ಬರೆದೆ. ಊರಿಗೊಂದು ಟ್ರೇ ಮಾಡಿದೆ. "ಸವಕಲು ತಾಮ್ರಕ್ಕೆ ಇಷ್ಟೆಲ್ಲ ಉಪಚಾರ ಯಾಕ್ರೀ, ಹೋಲ್ಡರ್ ಕಾಸೂ ಹುಟ್ಟಲ್ಲ" ಎಂದು ಪರಿಚಯದ ಡೀಲರುಗಳೆಲ್ಲ ಹೇಳಿದ್ದರು. ಹುಟ್ಟಿತು. ಹೇಗೆ ಎಂಬುದನ್ನು ಲೆಕ್ಕದ ಸಮೇತ ಬರೆಯುತ್ತೇನೆ. ಅಂಕಿಗಳು ನೆನಪಿನಿಂದ ಬಂದವು, ಐದು ಹತ್ತು ಆಚೀಚೆ ಇರಬಹುದು.

ಮೊದಲು ಕೆಟ್ಟದ್ದು ಏನೇನು ಎಂದು ಹೇಳಿಬಿಡುತ್ತೇನೆ. ಮೊದಲ ಸಲ ಟೇಬಲ್ ಹಿಡಿದಾಗ ಬೆಳ್ಳಿ ರೂಪಾಯಿ ನಂಬಿ ಹೋಗಿದ್ದೆ. ವಿಕ್ಟೋರಿಯಾ, ಎಡ್ವರ್ಡ್, ಐದನೇ ಜಾರ್ಜ್ ನಾಣ್ಯಗಳು ಹಾಲ್‌ನ ಪ್ರತಿ ಟೇಬಲ್ ಮೇಲೂ ಇರುತ್ತವೆ. ತೂಕ 11.66 ಗ್ರಾಂ, ಅದರಲ್ಲಿ ಶುದ್ಧ ಬೆಳ್ಳಿ ಹತ್ತಿರ ಹತ್ತಿರ 10.7 ಗ್ರಾಂ. ಗಿರಾಕಿ ಫೋನ್ ತೆಗೆದು ಅವತ್ತಿನ ಬೆಳ್ಳಿ ದರ ನೋಡಿ, ಗುಣಿಸಿ, ಮೇಲೆ ಮೂವತ್ತು ರೂಪಾಯಿ ಇಟ್ಟು ಕೇಳುತ್ತಾನೆ. ಎರಡು ಲಕ್ಷದ ಮಾಲು ಇಟ್ಟುಕೊಂಡು ಮೂರು ದಿನ ಕೂತರೆ ಟೇಬಲ್ ಬಾಡಿಗೆ ಹುಟ್ಟುವುದೂ ಕಷ್ಟ. 1911ರ ಹಂದಿ ರೂಪಾಯಿಯಂಥದ್ದು (ರಾಜನ ನಿಲುವಂಗಿಯ ಮೇಲಿನ ಆನೆ ಹಂದಿಯ ಹಾಗೆ ಕಾಣುವ ನಾಣ್ಯ) ನಾಲ್ಕಾರು ಇದ್ದರೆ ಮಾತು ಬೇರೆ, ಅವು ತಾವೇ ಮಾರಾಟವಾಗುತ್ತವೆ.

ಬುಟ್ಟಿಯ ರಾಶಿ ಕೆಡುವುದಕ್ಕೆ ಕಾರಣ ಇನ್ನೊಂದು. ಪ್ರದರ್ಶನದ ಬಾಗಿಲು ಜನಕ್ಕೆ ತೆರೆಯುವುದಕ್ಕೆ ಮೊದಲಿನ ಒಂದು ಗಂಟೆಯಲ್ಲಿ ಡೀಲರುಗಳೇ ಪರಸ್ಪರ ಟೇಬಲ್ ಸುತ್ತುತ್ತಾರೆ. ನಿಜವಾದ ವ್ಯಾಪಾರ ಆಗುವುದೇ ಆಗ. ರಾಶಿಯಲ್ಲಿರುವ ಎರಡು ಪೈಸೆ ನಾಣ್ಯ, ಅಪರೂಪದ ಟಂಕಸಾಲೆ, ಪೂರ್ತಿ ಓದಬರುವ ಇಸವಿ ಎಲ್ಲವೂ ನೂರು ನೂರಕ್ಕೆ ಆಗಲೇ ಎದ್ದುಹೋಗುತ್ತವೆ. ಹತ್ತೂವರೆಗೆ ಜನ ಬರುವಷ್ಟರಲ್ಲಿ ಬುಟ್ಟಿಯಲ್ಲಿ ಉಳಿಯುವುದು ಗಸಿ ಮಾತ್ರ. ಮಾರಿದವನಿಗೆ ತಾನು ಏನು ಮಾರಿದೆ ಎಂದೇ ಗೊತ್ತಿರುವುದಿಲ್ಲ.

ಅದಾದ ಮೇಲೆ ಹೋಲ್ಡರ್ ಹಾಕಿದೆ. ಆದರೆ ಬೆಲೆಯ ಬದಲು ನಮ್ಮ ಗುಟ್ಟಿನ ಅಕ್ಷರ ಬರೆದಿದ್ದೆ. ಅದೂ ಕೆಟ್ಟಿತು. ಹೊಸಬರು ಬೆಲೆ ಕೇಳುವುದಕ್ಕೆ ಹಿಂಜರಿಯುತ್ತಾರೆ, ಸಾವಿರ ಇರಬಹುದು ಎಂದುಕೊಂಡು ಮುಂದೆ ಹೋಗುತ್ತಾರೆ. ಆ ಸಲವೇ ಅಗ್ಗದ ಮೆತ್ತನೆ ಪಿವಿಸಿ ಕವರ್ ಬಳಸಿದ್ದರಿಂದ ಒಂದೇ ಮಳೆಗಾಲದಲ್ಲಿ ಸುಮಾರು ತೊಂಬತ್ತು ನಾಣ್ಯಗಳ ಮೇಲೆ ಹಸಿರು ಅಂಟು ಬಂತು. ಕೆಲವಕ್ಕೆ ಅಸಿಟೋನ್ ಹಾಕಿ ತೆಗೆದೆ, ಉಳಿದವುಗಳ ಮೈ ತಿಂದುಹೋಗಿತ್ತು. ಈಗ ರಟ್ಟಿನ ಚೌಕ ಹೋಲ್ಡರ್ ಬಿಟ್ಟು ಬೇರೇನೂ ಬಳಸುವುದಿಲ್ಲ. ಒಂದಕ್ಕೆ ಎರಡೂವರೆ ರೂಪಾಯಿ. ಪಿನ್ ಹೊಡೆದ ಮೇಲೆ ಇಕ್ಕಳದಿಂದ ಚಪ್ಪಟೆ ಮಾಡಲೇಬೇಕು. ಇಲ್ಲದಿದ್ದರೆ ಟ್ರೇಯಲ್ಲಿ ಪಕ್ಕದ ನಾಣ್ಯಕ್ಕೆ ಗೀರು ಬೀಳುತ್ತದೆ.

ಈ ಸಲದ ಲಾಟು ಒಬ್ಬ ಹಳೆಯ ಸಂಗ್ರಾಹಕರ ಮನೆಯದು. ಒಂಬತ್ತು ಕೆಜಿ ಚಿಲ್ಲರೆ, ಹೆಚ್ಚುಕಡಿಮೆ ಸಾವಿರ ನಾಣ್ಯ, ನಲವತ್ತೆರಡು ಸಾವಿರಕ್ಕೆ ಬಂತು. ಇಂಥ ಲಾಟು ಎಲ್ಲಿ, ಹೇಗೆ ಹುಡುಕುತ್ತೇನೆ ಎಂಬುದನ್ನು ಬರೆಯುವುದಿಲ್ಲ. ಕೊಂಡ ಕಾಗದ ಮಾತ್ರ ಫೈಲಿನಲ್ಲಿ ಇರಲೇಬೇಕು. ಮಣ್ಣು ಮೆತ್ತಿದ ಮಡಕೆಯ ಮಾಲನ್ನು ಎಷ್ಟು ಅಗ್ಗಕ್ಕೆ ಕೊಟ್ಟರೂ ಮುಟ್ಟುವುದಿಲ್ಲ. ನೆಲದಲ್ಲಿ ಸಿಕ್ಕ ನಿಧಿಯನ್ನು ಜಿಲ್ಲಾಧಿಕಾರಿಗೆ ತಿಳಿಸಬೇಕು ಎಂಬ ಕಾಯ್ದೆ ಇದೆ.

ವಿಂಗಡಣೆಗೆ ಇಪ್ಪತ್ತೈದು ಸಂಜೆ ಹಿಡಿಯಿತು. ಮೊದಲ ಸುತ್ತು ತೂಕದ್ದು. 22 ಗ್ರಾಂ ಮೇಲಿದ್ದರೆ ಎರಡು ಪೈಸೆ, 11ರ ಆಸುಪಾಸು ಒಂದು ಪೈಸೆ, ಐದೂವರೆ ಅರ್ಧ, ಎರಡೂಮುಕ್ಕಾಲು ಕಾಲು. ಎರಡನೇ ಸುತ್ತು ಆನೆಯ ಹಿಂಬದಿಯದು. "ಜರ್ಬ್" (ಅಚ್ಚು ಹೊಡೆದದ್ದು) ಎಂಬ ಪರ್ಶಿಯನ್ ಪದದ ಜೊತೆಗೆ ಇರುವುದು ಊರಿನ ಹೆಸರು. ಅಚ್ಚು ದೊಡ್ಡದು, ಬಿಲ್ಲೆ ಚಿಕ್ಕದು. ಹಾಗಾಗಿ ಅರ್ಧ ಹೆಸರು ಅಂಚಿನಾಚೆ ಹೋಗಿರುತ್ತದೆ. "ಪಟನ್" (ಶ್ರೀರಂಗಪಟ್ಟಣ) ಮತ್ತು "ನಗರ್" (ಬಿದನೂರು) ಎರಡನ್ನೂ ಒಂದಕ್ಷರ ಉಳಿದಿದ್ದರೂ ಗುರುತಿಸಬಹುದು. "ಫರ್ರುಖ್‌ಯಾಬ್ ಹಿಸಾರ್" ಮತ್ತು "ಫೈಜ್ ಹಿಸಾರ್" ಮಾತ್ರ ಕೈಕೊಡುತ್ತವೆ. ಎರಡರಲ್ಲೂ "ಹಿಸಾರ್" ಇದೆ, ಎರಡೂ ಒಂದೇ ಅಕ್ಷರದಿಂದ ಶುರುವಾಗುತ್ತವೆ. ಮೊದಲನೆಯದು ಚಿತ್ರದುರ್ಗ, ಎರಡನೆಯದು ಗುತ್ತಿ. ಅನುಮಾನ ಇದ್ದರೆ ಹೋಲ್ಡರ್ ಮೇಲೆ "ಹಿಸಾರ್" ಎಂದಷ್ಟೇ ಬರೆದು ಬೆಲೆ ಇಳಿಸುತ್ತೇನೆ. ಒಮ್ಮೆ ತಪ್ಪು ಊರು ಬರೆದು ಸಿಕ್ಕಿಬಿದ್ದರೆ ಮಿಕ್ಕ ಚೀಟಿಗಳನ್ನೂ ಯಾರೂ ನಂಬುವುದಿಲ್ಲ.

ಇಸವಿಯಲ್ಲಿ ಹೊಸ ಡೀಲರುಗಳು ಎಡವುವುದು ಒಂದೇ ಕಡೆ. ಟಿಪ್ಪು ಜಾರಿಗೆ ತಂದ ಮೌಲೂದಿ ಎಂಬ ಕಾಲಗಣನೆಯ ಇಸವಿ 1215ರಿಂದ, ಅಂದರೆ 1787ರಿಂದ, ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. 1218 ಕಣ್ಣಿಗೆ 8121 ಎಂದು ಕಾಣುತ್ತದೆ. 1221 ಮಾತ್ರ ಯಾವ ಕಡೆಯಿಂದ ಓದಿದರೂ ಅದೇ. ಕೊನೆಯ ನಾಲ್ಕು ವರ್ಷಗಳ ನಾಣ್ಯಗಳಲ್ಲಿ ಅಲಿಫ್, ಬೇ, ತೇ, ಸೇ ಅಕ್ಷರಗಳು ಕ್ರಮವಾಗಿ 1224ರಿಂದ 1227ರವರೆಗಿನ ಇಸವಿಯನ್ನು ಹೇಳುತ್ತವೆ. ಅಂಕಿ ಸವೆದಿದ್ದರೂ ಆನೆಯ ಬೆನ್ನ ಮೇಲಿನ ಆ ಅಕ್ಷರ ಉಳಿದಿದ್ದರೆ ಇಸವಿ ಸಿಕ್ಕಿತು, ಬೆಲೆ ನೂರು ರೂಪಾಯಿ ಏರಿತು. ತೀರಾ ಸವೆದ ಪೈಸೆಯಲ್ಲಿ ಅಕ್ಷರ ಎಬ್ಬಿಸಿ ಓದುವ ಒಂದು ಉಪಾಯ ನನ್ನ ಬಳಿ ಇದೆ. ಅದಕ್ಕೆ ರಾಸಾಯನಿಕ ಬೇಡ, ನಾಣ್ಯಕ್ಕೂ ಏನೂ ಆಗುವುದಿಲ್ಲ. ಆದರೆ ಅದು ನನ್ನ ಹತ್ತಿರವೇ ಇರಲಿ.

ಸಾವಿರದಲ್ಲಿ ಸುಮಾರು 320 ಏನೂ ಓದಲಾಗದವು. ಶ್ರೀರಂಗಪಟ್ಟಣ 380, ನಗರ 170. ಚಿತ್ರದುರ್ಗ, ಗುತ್ತಿ, ಬೆಂಗಳೂರು ಎಲ್ಲ ಸೇರಿ ಅರವತ್ತರ ಹತ್ತಿರ, ಅದರಲ್ಲಿ "ಖುರ್ಷೀದ್ ಸವಾದ್", ಅಂದರೆ ಧಾರವಾಡ, ಬರೀ ಮೂರು. ಉಳಿದ ಎಪ್ಪತ್ತು ಮುಮ್ಮಡಿ ಕೃಷ್ಣರಾಜ ಒಡೆಯರ ಮೈಲಿ ಕಾಸು ಎಂಬ ತಾಮ್ರದ ನಾಣ್ಯಗಳು.

ತೊಳೆಯುವ ವಿಷಯಕ್ಕೆ ಬಂದರೆ, ಹುಣಸೆಹಣ್ಣು, ನಿಂಬೆ, ಪೀತಾಂಬರಿ ಯಾವುದೂ ಕೂಡದು. ಡಿಸ್ಟಿಲ್ಡ್ ನೀರಿನಲ್ಲಿ ನಾಲ್ಕು ದಿನ, ದಿನಕ್ಕೊಮ್ಮೆ ನೀರು ಬದಲಿಸಿ, ಬಿದಿರು ಕಡ್ಡಿಯಿಂದ ಕೊಳೆ ಎಬ್ಬಿಸಿದರೆ ಸಾಕು. ಓದಲಾಗದ 320ರಲ್ಲಿ ನಲವತ್ತನ್ನು ಮಾತ್ರ ಪ್ರಯೋಗಕ್ಕೆ ತೆಗೆದುಕೊಂಡೆ. ವಾಷಿಂಗ್ ಸೋಡಾ ನೀರು, ಹಳೆಯ 12 ವೋಲ್ಟ್ ಚಾರ್ಜರ್, ಕಬ್ಬಿಣದ ಪಟ್ಟಿ, ನಾಣ್ಯಕ್ಕೆ ನೆಗೆಟಿವ್. ಕಿಲುಬು ಅರ್ಧ ಗಂಟೆಯಲ್ಲಿ ಬಿಟ್ಟಿತು, ಆರು ನಾಣ್ಯಗಳಲ್ಲಿ ಊರೂ ಕಂಡಿತು. ಆದರೆ ಬಣ್ಣ ಹೊಸ ತಂತಿಯ ಹಾಗೆ ಕೆಂಪಾಯಿತು, ಮೈಯೆಲ್ಲ ತೂತು. ಐವತ್ತು ರೂಪಾಯಿಗೂ ಯಾರೂ ಕೇಳಲಿಲ್ಲ. ಇನ್ನೂರೈವತ್ತು ವರ್ಷ ಹತ್ತಿರವಾದ ತಾಮ್ರದ ಕಂದು ಮೈಯೇ ಅದರ ಬೆಲೆ. ಅದನ್ನು ಸುಲಿದರೆ ಉಳಿಯುವುದು ಗುಜರಿ ದರ.

ಟೇಬಲ್ ಆರು ಅಡಿಯದು, ಮೂರು ದಿನಕ್ಕೆ ಹನ್ನೆರಡು ಸಾವಿರದ ಹತ್ತಿರ. ನಾನು ಹಾಸುವುದು ಕೆನೆ ಬಣ್ಣದ ಬಟ್ಟೆ. ಎಲ್ಲರೂ ಹಾಸುವ ಕಡುಗೆಂಪು ವೆಲ್ವೆಟ್ ಮೇಲೆ ಬೆಳ್ಳಿ ಹೊಳೆಯುತ್ತದೆ, ತಾಮ್ರ ಮುಳುಗಿಹೋಗುತ್ತದೆ. ಹಾಲ್‌ನ ಬಿಳಿ ಟ್ಯೂಬ್‌ಲೈಟಿನಲ್ಲಿ ಕಂದು ನಾಣ್ಯ ಕಲ್ಲಿದ್ದಲಿನ ಹಾಗೆ ಕಾಣುತ್ತದೆ. ಅದಕ್ಕೆ ಹಳದಿ ಬೆಳಕಿನ ಒಂದು ಎಲ್ಇಡಿ ದೀಪವನ್ನು ಟೇಬಲ್‌ನಿಂದ ಒಂದು ಗೇಣು ಮೇಲೆ, ಎಡಗಡೆಯಿಂದ ಓರೆಯಾಗಿ ಇಟ್ಟೆ. ಆನೆಯ ಕಾಲು, ಸೊಂಡಿಲು ನೆರಳು ಹಿಡಿದು ಎದ್ದು ನಿಲ್ಲುತ್ತವೆ. ಐದು ಮೀಟರ್ ವೈರಿನ ಸ್ವಿಚ್‌ಬೋರ್ಡ್ ನಾವೇ ಒಯ್ಯಬೇಕು, ಪ್ಲಗ್ ಯಾವಾಗಲೂ ಎದುರು ಗೋಡೆಯಲ್ಲೇ ಇರುತ್ತದೆ.

ಟ್ರೇಗೆ ನಲವತ್ತು ಹೋಲ್ಡರ್. ಪ್ರತಿ ಟ್ರೇಯ ಮುಂದೆ ಅಂಗೈ ಅಗಲದ ಫಲಕ: ಶ್ರೀರಂಗಪಟ್ಟಣ, ನಗರ, ಚಿತ್ರದುರ್ಗ, ಬೆಂಗಳೂರು, ಧಾರವಾಡ. ನಗರದ ಕೆಳಗೆ ಸಣ್ಣಗೆ "ಬಿದನೂರು, ಹೊಸನಗರ ತಾಲ್ಲೂಕು" ಎಂದು ಬರೆದಿದ್ದೆ. ಮಲೆನಾಡಿನವರು ಅಲ್ಲೇ ನಿಂತರು. ಮೊದಲ ದಿನ ಶ್ರೀರಂಗಪಟ್ಟಣದ ಟ್ರೇ ನಡುವೆ ಇಟ್ಟದ್ದು ತಪ್ಪಾಗಿತ್ತು, ಅದು ಎಲ್ಲರ ಬಳಿಯೂ ಇದೆ. ಎರಡನೇ ದಿನ ಚಿತ್ರದುರ್ಗವನ್ನು ನಡುವೆ ತಂದೆ. "ನಮ್ಮೂರಲ್ಲೂ ನಾಣ್ಯ ಹೊಡೀತಿದ್ರಾ?" ಎಂದು ಕೇಳಿದವರಲ್ಲಿ ಅರ್ಧದಷ್ಟು ಜನ ಕೊಂಡರು. ಅವರಲ್ಲಿ ಎಷ್ಟೋ ಮಂದಿ ಅದುವರೆಗೆ ಒಂದು ಹಳೆಯ ನಾಣ್ಯವನ್ನೂ ಕೊಂಡವರಲ್ಲ. ನನ್ನ ವಿಧಾನ ನಿಂತಿರುವುದು ಇದರ ಮೇಲೆ. ಸಂಗ್ರಾಹಕನಿಗೆ ಬೇಕಾದದ್ದು ಅಪರೂಪದ ನಾಣ್ಯ, ದಾರಿಹೋಕನಿಗೆ ತನ್ನ ಊರು. ಹಾಲ್‌ಗೆ ಬರುವವರಲ್ಲಿ ದಾರಿಹೋಕರೇ ಹೆಚ್ಚು.

ಬೆಲೆ ಐವತ್ತರ ಲೆಕ್ಕದಲ್ಲೇ ಇಡಿ: 150, 200, 300, 500. 180 ಎಂದು ಬರೆದರೆ ಚಿಲ್ಲರೆ ಹುಡುಕುವುದರಲ್ಲಿ ಪಕ್ಕದ ಗಿರಾಕಿ ಹೊರಟುಹೋಗುತ್ತಾನೆ. ತೂಕವನ್ನು 11.27 ಎಂದು ಎರಡು ದಶಮಾಂಶದವರೆಗೆ ಬರೆಯಿರಿ, ತಕ್ಕಡಿಯ ಮುಖ ಗಿರಾಕಿಯ ಕಡೆ ತಿರುಗಿರಲಿ. ಒಬ್ಬಿಬ್ಬರು ತೆಗೆಸಿ ತೂಗಿ ನೋಡಿದರು, ಸರಿಹೋಯಿತು, ಆಮೇಲೆ ಚೌಕಾಸಿ ನಿಂತಿತು. ಬೋಣಿಗೆ ಮಾತ್ರ ಹತ್ತು ಇಪ್ಪತ್ತು ಬಿಡುತ್ತೇನೆ. ಯುಪಿಐಗೆ ಒಂದೇ ಕಂಪನಿಯ ಸಿಮ್ ನಂಬಬೇಡಿ. ಶನಿವಾರ ಮಧ್ಯಾಹ್ನ ಹಾಲ್ ತುಂಬಿದಾಗ ನೆಟ್‌ವರ್ಕ್ ಬಿದ್ದೇ ಬೀಳುತ್ತದೆ.

ಮೈಲಿ ಕಾಸಿನ ಟ್ರೇ ಬರೀ ಪಕ್ಕದ ಪ್ರಯೋಗವಾಗಿತ್ತು. ಆನೆಯ ಮೇಲೆ ಕನ್ನಡದ "ಶ್ರೀ", ಹಿಂದೆ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬೆಲೆ. ಇಪ್ಪತ್ತು ಕಾಸಿನ ಸಾಧಾರಣ ನಾಣ್ಯ, ಡೀಲರುಗಳು ತಿರುಗಿ ನೋಡುವುದಿಲ್ಲ. ಎಪ್ಪತ್ತರಲ್ಲಿ ಅರವತ್ತೈದು ಮೊದಲ ಎರಡು ದಿನದಲ್ಲೇ ಖಾಲಿ. ಶಾಲೆಯ ಮೇಷ್ಟ್ರುಗಳು, ಮಕ್ಕಳನ್ನು ಕರೆತಂದ ತಾಯಂದಿರು ಭೂತಗನ್ನಡಿ ಹಿಡಿದು ತಾವೇ ಅಕ್ಷರ ಓದಿದರು. ಓದಿದ ನಾಣ್ಯವನ್ನು ಟ್ರೇಗೆ ವಾಪಸ್ ಇಟ್ಟವರು ಕಡಿಮೆ. ಪರ್ಶಿಯನ್ ಅಕ್ಷರದ ಪೈಸೆಗಳಿಗೂ ಒಂದು ರಟ್ಟಿನ ಮೇಲೆ ಊರಿನ ಹೆಸರು ದೊಡ್ಡದಾಗಿ ಬರೆದು, ನಾಣ್ಯದಲ್ಲಿ ಹೊಂದಿಸಿ ತೋರಿಸುವ ವ್ಯವಸ್ಥೆ ಆ ಮೇಲೆ ಮಾಡಿದೆ.

ಹೊತ್ತು ತಿನ್ನುವವರು ಬೇರೆ ಇರುತ್ತಾರೆ. 1818 ಎಂದು ಬರೆದ ಹಿತ್ತಾಳೆಯ ರಾಮದರ್ಬಾರ್, ಹನುಮಂತ ಬಿಲ್ಲೆಗಳನ್ನು ಈಸ್ಟ್ ಇಂಡಿಯಾ ಕಂಪನಿಯ ನಾಣ್ಯ ಎಂದು ದಿನಕ್ಕೆ ಹತ್ತು ಜನವಾದರೂ ತರುತ್ತಾರೆ. ಕಂಪನಿ ಅಂಥ ನಾಣ್ಯ ಹೊಡೆಸಿಯೇ ಇಲ್ಲ. "ಅಕ್ಕಿ ಎಳೆಯುತ್ತೆ, ಕೋಟಿ ಬೆಲೆ" ಎಂದು ಬರುವವರೂ ಇದ್ದಾರೆ. ಪಾಪ, ಅವರಲ್ಲಿ ಸಾಲ ಮಾಡಿ ಮೋಸ ಹೋದವರೇ ಹೆಚ್ಚು. ಅವರನ್ನು ಗದರಿಸಿ ಕಳಿಸಬಾರದು. ಒಂದು 1818ರ ಬಿಲ್ಲೆಯನ್ನು "ಮಾರಾಟಕ್ಕಿಲ್ಲ, ಇದು ನಕಲಿ" ಎಂಬ ಚೀಟಿಯೊಂದಿಗೆ ಟೇಬಲ್ ಅಂಚಿನಲ್ಲಿ ಇಟ್ಟೆ, ಅಕ್ಕಿ ಎಳೆಯುವ ನಾಣ್ಯ ಎಂಬುದು ಇಲ್ಲವೇ ಇಲ್ಲ ಎಂದು ಫಲಕ ಹಾಕಿದೆ. ದಿನಕ್ಕೆ ಒಂದೂವರೆ ಗಂಟೆ ಉಳಿಯಿತು.

ಟಿಪ್ಪುವಿನ ಬೆಳ್ಳಿಯ ನಾಣ್ಯಗಳಾದ ಹೈದರಿ, ಇಮಾಮಿಗಳನ್ನು (ಇಮಾಮಿ ಒಂದು ರೂಪಾಯಿಯದು) ಯಾರಾದರೂ ಮಾರಲು ತಂದರೆ ಮೊದಲು ಅಂಚು ನೋಡಿ. ಎರಕದ ನಕಲಿಯಲ್ಲಿ ಅಂಚಿನ ಸುತ್ತ ಒಂದು ಗೆರೆ, ಅದನ್ನು ಅಳಿಸಲು ಅರ ಹಾಕಿದ ಗುರುತು, ಅಕ್ಷರಗಳ ಬುಡದಲ್ಲಿ ಸೂಜಿಮೊನೆಯಷ್ಟು ಗುಳ್ಳೆಗಳು ಇರುತ್ತವೆ. ಆಮೇಲೆ ತೂಕ. ಎರಡು ರೂಪಾಯಿಯ ಹೈದರಿ 23 ಗ್ರಾಂ ಹತ್ತಿರ ತೂಗಬೇಕು, ನಕಲಿ ಎರಡು ಮೂರು ಗ್ರಾಂ ಕಡಿಮೆ ಬರುವುದು ಮಾಮೂಲು. ನನ್ನ ಟೇಬಲ್‌ಗೆ ಬಂದ ಐದರಲ್ಲಿ ನಾಲ್ಕು ನಕಲಿ.

ಅಮೆರಿಕದಿಂದ ಬಂದ ಕನ್ನಡಿಗರು ಮನೆಗೆ ಒಯ್ಯಲು ಕೇಳಿದಾಗ ಖಡಾಖಂಡಿತವಾಗಿ ಹೇಳಬೇಕು. ನೂರು ವರ್ಷ ದಾಟಿದ ನಾಣ್ಯ 1972ರ ಕಾಯ್ದೆಯ ಪ್ರಕಾರ ಪುರಾತನ ವಸ್ತು, ಅದನ್ನು ದೇಶದ ಹೊರಗೆ ಒಯ್ಯುವಂತಿಲ್ಲ. ಇಬ್ಬರು ಹಾಗೇ ಹಿಂದಿರುಗಿದರು, ಒಬ್ಬರು ಕೊಂಡು ಮೈಸೂರಿನ ತಮ್ಮನ ಮನೆಯಲ್ಲಿ ಇಟ್ಟರು. ವ್ಯಾಪಾರ ಹೋದರೂ ಇದನ್ನು ಮುಚ್ಚಿಡಬಾರದು.

ಕಳವಿಗೆ ನನ್ನ ನಿಯಮ ಒಂದೇ: ಗಿರಾಕಿಯ ಮುಂದೆ ಒಂದು ಟ್ರೇ, ಅದು ಮುಚ್ಚಿದ ಮೇಲೆ ಇನ್ನೊಂದು. ಮಾರಿದ ಜಾಗದಲ್ಲಿ ಕೆಂಪು ರಟ್ಟು ಇಡುತ್ತೇನೆ. ಖಾಲಿ ಜಾಗದಲ್ಲಿ ಕೆಂಪು ಇಲ್ಲದಿದ್ದರೆ ತಕ್ಷಣ ಕಾಣುತ್ತದೆ. ಹಾಗಿದ್ದೂ ನಗರದ ಒಂದು ಅರ್ಧ ಪೈಸೆ ಹೋಯಿತು, ಭಾನುವಾರದ ಗದ್ದಲದಲ್ಲಿ ನಾನೇ ಎರಡು ಟ್ರೇ ಒಟ್ಟಿಗೆ ತೆರೆದಿದ್ದೆ.

ಲೆಕ್ಕ ಹೀಗೆ. ಶುಕ್ರವಾರ ಎಪ್ಪತ್ತು, ಶನಿವಾರ ನೂರ ಅರವತ್ತು, ಭಾನುವಾರ ನೂರ ತೊಂಬತ್ತು ನಾಣ್ಯ ಹೋದವು. ಒಟ್ಟು ಒಂದು ಲಕ್ಷ ದಾಟಿತು. ಲಾಟಿನ ನಲವತ್ತೆರಡು ಸಾವಿರ, ಟೇಬಲ್ ಹನ್ನೆರಡು, ಬಸ್ಸು, ರೂಮು, ಸಹಾಯಕ್ಕೆ ಬಂದ ಹುಡುಗನ ಸಂಬಳ ಸೇರಿ ಒಂಬತ್ತು, ಹೋಲ್ಡರ್ ಮತ್ತು ಪಿನ್ನು ಎರಡು ಕಳೆದರೆ ಮೂವತ್ತೈದು ಸಾವಿರ ಕೈಗೆ ಉಳಿಯಿತು. ಇನ್ನೂರ ಅರವತ್ತರಷ್ಟು ಚೀಟಿ ಹಾಕಿದ ನಾಣ್ಯಗಳು ಪೆಟ್ಟಿಗೆಯಲ್ಲಿ ಇನ್ನೂ ಇವೆ, ಹೆಚ್ಚಿನವು ಶ್ರೀರಂಗಪಟ್ಟಣದವು. ಪಕ್ಕದ ಬೆಳ್ಳಿ ಟೇಬಲ್ಲುಗಳಲ್ಲಿ ನನಗಿಂತ ಹತ್ತು ಪಟ್ಟು ಬಂಡವಾಳ ಹಾಕಿದವರಿಗೆ ಇಷ್ಟು ಉಳಿಯಲಿಲ್ಲ ಎಂಬುದನ್ನು ಅವರೇ ಹೇಳಿದರು.

ಚಿತ್ರದುರ್ಗದ ಟ್ರೇಗೆ 300 ಇಟ್ಟದ್ದು ಕಡಿಮೆಯಾಯಿತು, ಶನಿವಾರ ಮಧ್ಯಾಹ್ನಕ್ಕೇ ಖಾಲಿಯಾಯಿತು. ಮುಂದಿನ ಸಲ 450. ಧಾರವಾಡದ ಮೂರರಲ್ಲಿ ಎರಡು ಹೋದವು. ಮೂರನೆಯದರಲ್ಲಿ "ಸವಾದ್" ಪೂರ್ತಿ ಓದಬರುತ್ತದೆ. ಅದನ್ನು ಹುಬ್ಬಳ್ಳಿ ಕಡೆ ಪ್ರದರ್ಶನ ಆಗುವವರೆಗೆ ಹೊರಗೆ ತೆಗೆಯುವುದಿಲ್ಲ.